ಡಾಕ್ಟರರ ಮೇಲಣ ದಾವೆಗಳು: ಹೊರೆ ಬೀಳುವುದು ಯಾರ ಹೆಗಲಿಗೆ?

(ಬೆಂಗಳೂರು ದಂಡಿನ ಬೆನ್ಸನ್ ಟೌನಿನಲ್ಲಿ ನೆರೆದಿದ್ದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾವು ಡಾಕ್ಟರಲ್ಲ, ವಕೀಲರೂ ಅಲ್ಲ. ಜಿಲ್ಲೆಯ ಊರೊಂದರಲ್ಲಿ ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು ನಮ್ಮ ಕೆಲಸ. ಡಾಕ್ಟರರ ತಪ್ಪಿನಿಂದ ಹಾನಿಯಾಯಿತು ಎನ್ನುವವರ ದೂರನ್ನೂ ಬರೆದಿದ್ದೇವೆ. ದೂರಿಗೆ ಸಿಕ್ಕಿದ ಡಾಕ್ಟರರ ಕಷ್ಟವನ್ನೂ ಕೇಳಿದ್ದೇವೆ. ಎರಡೂ ಕಡೆಯ ಮಾತು ಕಿವಿಗೆ ಬಿದ್ದವರಾದ್ದರಿಂದ ಈ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ನೀವು ಕರೆದಿರಿ. ಬಂದಿದ್ದೇವೆ.

ಮೊದಲು ಎರಡು ಸಂಗತಿ ಹೇಳುತ್ತೇವೆ. ಹೆಸರು ಬೇಡ.

ನಮ್ಮ ಪಕ್ಕದ ತಾಲ್ಲೂಕು ಊರಿನಲ್ಲಿ ಒಬ್ಬ ಲೇಡಿ ಡಾಕ್ಟರಿದ್ದರು. ಇಪ್ಪತ್ತು ವರ್ಷ ಹಗಲು ರಾತ್ರಿ ಎನ್ನದೆ ಹೆರಿಗೆ ಮಾಡಿಸಿದರು. ಒಂದು ರಾತ್ರಿ ಬಾಣಂತಿಗೆ ರಕ್ತ ಹರಿಯಲು ಮೊದಲಾಗಿ ನಿಲ್ಲಲಿಲ್ಲ. ಊರಲ್ಲಿ ರಕ್ತನಿಧಿ ಇರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಆಕೆ ತೀರಿಕೊಂಡಳು. ದಾವೆ ಹೂಡಲಾಯಿತು. ಒಂಬತ್ತು ವರ್ಷ ನಡೆದು ಡಾಕ್ಟರರು ಗೆದ್ದರು. ಆದರೆ ದಾವೆ ಬಂದ ಮೊದಲನೇ ವರ್ಷದಲ್ಲೇ ಅವರು ಹೆರಿಗೆ ಕೋಣೆಗೆ ಹಾಕಿದ ಬೀಗ ಮತ್ತೆ ತೆಗೆಯಲಿಲ್ಲ. ಇಂದು ಆ ಊರಿನ ಬಸುರಿಯರು ಬಾಡಿಗೆ ವ್ಯಾನಿನಲ್ಲಿ ದೂರದ ಜಿಲ್ಲಾ ಕೇಂದ್ರಕ್ಕೆ ಹೋಗುತ್ತಾರೆ.

ಎರಡನೆಯ ಸಂಗತಿ. ನಗರವೊಂದರಲ್ಲಿ ಮನೆಗೆಲಸ ಮಾಡುತ್ತಿದ್ದ ತಾಯಿಯೊಬ್ಬಳು ಪುಕ್ಕಟೆ ವಾರ್ಡಿನಲ್ಲಿ ಆಪರೇಷನ್ ಮಾಡಿಸಿಕೊಂಡಳು. ಗಾಯ ಮಾಯಲಿಲ್ಲ, ಎರಡನೇ ಸಲ ಕೊಯ್ಯಬೇಕಾಯಿತು, ಕೆಲಸ ಹೋಯಿತು. ಅವಳಿಗೆ ಬೇಕಾಗಿದ್ದುದು ದುಡ್ಡಿಗಿಂತ ಮೊದಲು ಒಂದು ಉತ್ತರ: ಏನಾಯಿತು, ಯಾಕಾಯಿತು? ಕೇಸ್ ಷೀಟು ಸಿಗಲಿಲ್ಲ. ಗ್ರಾಹಕರ ಕಾನೂನಿನಲ್ಲಿ ದೂರು ಕೊಡೋಣವೆಂದರೆ, “ನೀನು ದುಡ್ಡು ಕೊಟ್ಟಿಲ್ಲವಲ್ಲ” ಎಂಬ ಮಾತು ಬಂತು. ಅಲ್ಲಿಗೆ ಮುಗಿಯಿತು.

ಈ ಎರಡೂ ಕಥೆಗಳನ್ನು ಒಟ್ಟಿಗೆ ಇಟ್ಟುಕೊಂಡೇ ನಾವು ಯೋಚಿಸಬೇಕು. ಒಂದನ್ನೇ ಹಿಡಿದವನು ಡಾಕ್ಟರರ ಪಕ್ಷವಾಗುತ್ತಾನೆ. ಇನ್ನೊಂದನ್ನೇ ಹಿಡಿದವನು ಡಾಕ್ಟರರ ಶತ್ರುವಾಗುತ್ತಾನೆ. ಎರಡನ್ನೂ ಹಿಡಿದವನಿಗೆ ಕಾಣುವುದು ಬೇರೆ: ಈಗಿನ ದಾವೆಯ ಪದ್ಧತಿಯಲ್ಲಿ ಭಾರವೆಲ್ಲ ಕೆಲವೇ ಬಗೆಯ ಡಾಕ್ಟರರ ಮೇಲೆ ಬೀಳುತ್ತದೆ, ಅವರಿಂದ ಜಾರಿ ಅದು ಬಡ ರೋಗಿಯ ಹೆಗಲಿಗೆ ಬರುತ್ತದೆ. ಇದನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಡಾಕ್ಟರರೆಲ್ಲರೂ ಒಂದೇ ಎಂದು ನಾವು ತಿಳಿದಿರುತ್ತೇವೆ. ದಾವೆಯ ಮಟ್ಟಿಗೆ ಹಾಗಲ್ಲ. ಈ ಲೆಕ್ಕವನ್ನು ಚೆನ್ನಾಗಿ ಇಟ್ಟಿರುವ ದೇಶ ಅಮೆರಿಕ. ಅಲ್ಲಿ 1991ರಿಂದ 2005ರ ವರೆಗೆ ಸುಮಾರು 41,000 ಡಾಕ್ಟರರ ವಿಮೆಯ ದಾಖಲೆಗಳನ್ನು ಪರಿಶೀಲಿಸಿದ ವರದಿಯೊಂದು 2011ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ಒಟ್ಟು ಡಾಕ್ಟರರಲ್ಲಿ ವರ್ಷಕ್ಕೆ ನೂರಕ್ಕೆ 7.4 ಮಂದಿಯ ಮೇಲೆ ದಾವೆ ಬೀಳುತ್ತಿತ್ತು. ಆದರೆ ಮಿದುಳಿನ ಶಸ್ತ್ರವೈದ್ಯರಲ್ಲಿ ನೂರಕ್ಕೆ 19.1, ಎದೆ ಮತ್ತು ಹೃದಯದ ಶಸ್ತ್ರವೈದ್ಯರಲ್ಲಿ 18.9, ಸಾಮಾನ್ಯ ಶಸ್ತ್ರವೈದ್ಯರಲ್ಲಿ 15.3. ಕುಟುಂಬ ವೈದ್ಯರಲ್ಲಿ 5.2, ಮಕ್ಕಳ ವೈದ್ಯರಲ್ಲಿ 3.1, ಮನೋವೈದ್ಯರಲ್ಲಿ 2.6 ಮಾತ್ರ. ಹೆಚ್ಚು ಅಪಾಯದ ವಿಭಾಗಗಳ ಡಾಕ್ಟರರಲ್ಲಿ 65 ವರ್ಷ ತುಂಬುವುದರೊಳಗೆ ನೂರಕ್ಕೆ 99 ಮಂದಿ ಒಮ್ಮೆಯಾದರೂ ದಾವೆ ಎದುರಿಸುತ್ತಾರೆಂಬುದು ಅವರ ಅಂದಾಜು. ಎಂದರೆ, ಚಾಕು ಹಿಡಿದವನಿಗೆ ದಾವೆ ತಪ್ಪಿದ್ದಲ್ಲ. ಆದರೆ ಇನ್ನೊಂದು ಸಂಗತಿ: ಒಟ್ಟು ದಾವೆಗಳಲ್ಲಿ ನೂರಕ್ಕೆ 78ರಲ್ಲಿ ಒಂದು ಕಾಸೂ ರೋಗಿಗೆ ಸಂದಾಯವಾಗಲಿಲ್ಲ.

ಈ ಲೆಕ್ಕದಲ್ಲಿ ಮತ್ತೊಂದು ಸೂಕ್ಷ್ಮವುಂಟು. ಮಕ್ಕಳ ವೈದ್ಯರ ಮೇಲೆ ದಾವೆ ಅಪರೂಪ. ಬಿದ್ದರೆ ಮಾತ್ರ ಪರಿಹಾರದ ಸರಾಸರಿ ಮೊತ್ತ ಎಲ್ಲರಿಗಿಂತ ಹೆಚ್ಚು, ಐದು ಲಕ್ಷ ಡಾಲರಿಗೂ ಮೀರಿ. ಕಾರಣ ಸರಳ. ಮುದುಕನಿಗಾದ ಹಾನಿ ಕೆಲವು ವರ್ಷದ್ದು. ಮಗುವಿಗಾದ ಹಾನಿ ಒಂದು ಇಡೀ ಬಾಳಿನದು. ನಮ್ಮ ದೇಶದಲ್ಲೂ ಇದನ್ನೇ ಕಂಡೆವು. 1996ರಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣು ಮಗುವೊಂದರ ಕಣ್ಣನ್ನು ಕಾಲಕ್ಕೆ ಸರಿಯಾಗಿ ಪರೀಕ್ಷೆ ಮಾಡಲಿಲ್ಲ. ಮಗು ಕುರುಡಾಯಿತು. 2015ರಲ್ಲಿ ಸುಪ್ರೀಂ ಕೋರ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆ ವೇಳೆಗೆ ಮಗುವಿಗೆ 18 ವರ್ಷ ದಾಟಿತ್ತು.

ಈಗ ನಮ್ಮ ಕಾನೂನಿಗೆ ಬರೋಣ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾನೂನು ಬಂತು. ಡಾಕ್ಟರರ ಸೇವೆಯೂ ಅದಕ್ಕೆ ಒಳಪಡುವುದೆಂದು ಸುಪ್ರೀಂ ಕೋರ್ಟು 1995ರ ನವೆಂಬರ್ 13ರಂದು ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆ ಸಾಮಾನ್ಯ ರೋಗಿಗೆ ಸಿವಿಲ್ ಕೋರ್ಟೇ ಗತಿ. ಅಲ್ಲಿ ಕೋರ್ಟು ಶುಲ್ಕ, ವಕೀಲರ ಖರ್ಚು, ತಲೆಮಾರಿನ ಕಾಯುವಿಕೆ. ಆ ತೀರ್ಪು ಬಡವನಿಗೆ ಒಂದು ಬಾಗಿಲು ತೆರೆಯಿತು ಎಂಬುದನ್ನು ನಾವು ಒಪ್ಪತಕ್ಕದ್ದು. 2024ರ ಮೇ ತಿಂಗಳಲ್ಲಿ ವಕೀಲರು ಈ ಕಾನೂನಿಗೆ ಸೇರುವುದಿಲ್ಲವೆಂದು ತೀರ್ಪಾದಾಗ, ಡಾಕ್ಟರರ ವಿಷಯವನ್ನೂ ಮರಳಿ ನೋಡಬೇಕೆಂಬ ಮಾತು ಕೋರ್ಟಿನಲ್ಲೇ ಎದ್ದಿತು. ಅದೇ ವರ್ಷ ನವೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಅದರ ಅಗತ್ಯವಿಲ್ಲವೆಂದಿತು. ಆದುದರಿಂದ 1995ರ ಕಟ್ಟಳೆ ನಿಂತಿದೆ.

ಆದರೆ ಆ ಬಾಗಿಲಿನ ಹೊಸ್ತಿಲು ಎಲ್ಲಿದೆ, ನೋಡಿ. ಎಲ್ಲರಿಗೂ ಪೂರ್ತಿ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಈ ಕಾನೂನಿಗೆ ಒಳಪಡುವುದಿಲ್ಲ. ಹೆಸರು ಬರೆಸುವಾಗ ಕೊಟ್ಟ ಚೀಟಿಯ ಹಣ ಲೆಕ್ಕಕ್ಕೆ ಬಾರದು. ಕೆಲವರಿಂದ ಹಣ ಪಡೆದು ಕೆಲವರಿಗೆ ಪುಕ್ಕಟೆ ಮಾಡುವ ಆಸ್ಪತ್ರೆಯಾದರೆ ಪುಕ್ಕಟೆ ರೋಗಿಗೂ ಹಕ್ಕುಂಟು. ಇಲ್ಲಿಂದ ಶಿವಾಜಿನಗರ ಎಷ್ಟು ದೂರ? ಅಲ್ಲಿ ಬೌರಿಂಗ್ ಆಸ್ಪತ್ರೆ ಇದೆ, ಘೋಷಾ ಆಸ್ಪತ್ರೆ ಇದೆ. ಬೆನ್ಸನ್ ಟೌನಿನ ಬಂಗಲೆಯ ಯಜಮಾನರು ನರ್ಸಿಂಗ್ ಹೋಮಿಗೆ ಹೋಗಿ ಹಾನಿಗೊಂಡರೆ ಅವರು ಗ್ರಾಹಕರು, ಸಂದೇಹವಿಲ್ಲ. ಅದೇ ಬಂಗಲೆಯಲ್ಲಿ ಪಾತ್ರೆ ತೊಳೆಯುವ ತಾಯಿ ಸರ್ಕಾರಿ ಹಾಸಿಗೆಯ ಮೇಲೆ ಹಾನಿಗೊಂಡರೆ, ಮೊದಲು ಆ ಆಸ್ಪತ್ರೆ ಪೂರ್ತಿ ಪುಕ್ಕಟೆಯೋ ಅಲ್ಲವೋ ಎಂಬ ವಾದವನ್ನು ಗೆಲ್ಲಬೇಕು. ಗಾಯ ಇಬ್ಬರಿಗೂ ಒಂದೇ. ಹಕ್ಕು ಮಾತ್ರ ರಸೀತಿಗೆ ತಕ್ಕಂತೆ. ಇದು ನ್ಯಾಯವೇ?

ಇನ್ನು ತಪ್ಪೆಂದರೆ ಏನು? ರೋಗಿ ಸತ್ತುದೇ ತಪ್ಪಲ್ಲ. 1957ರಲ್ಲಿ ಇಂಗ್ಲೆಂಡಿನ ಒಂದು ಮೊಕದ್ದಮೆಯಲ್ಲಿ ಹಾಕಿಕೊಟ್ಟ ಅಳತೆಗೋಲನ್ನೇ ನಮ್ಮ ಕೋರ್ಟುಗಳೂ ಹಿಡಿದಿವೆ: ಆ ವಿಭಾಗದಲ್ಲಿ ನುರಿತ ಹೊಣೆಯರಿತ ವೈದ್ಯರು ಸರಿಯೆಂದು ಒಪ್ಪುವ ರೀತಿಯಲ್ಲಿ ಚಿಕಿತ್ಸೆ ಮಾಡಿದವನು ತಪ್ಪಿತಸ್ಥನಲ್ಲ. ಆದುದರಿಂದ ವಿಭಾಗ ಯಾವುದು ಎಂಬುದೇ ದಾವೆಯ ಜೀವಾಳ. 1990ರಲ್ಲಿ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ಎದೆಯೊಳಗೆ ಗೆಡ್ಡೆಯಿದ್ದ ವಿದ್ಯಾರ್ಥಿಯೊಬ್ಬನಿಗೆ ಎದೆಯ ಶಸ್ತ್ರವೈದ್ಯರು ಆಪರೇಷನ್ ಮಾಡಿದರು. ಗೆಡ್ಡೆ ನರಕ್ಕೆ ಸೇರಿದ್ದು. ನರಗಳ ಶಸ್ತ್ರವೈದ್ಯರನ್ನು ಜೊತೆಗೆ ಕರೆಯಲಿಲ್ಲ. ಹುಡುಗನ ಸೊಂಟದ ಕೆಳಗೆ ಸ್ವಾಧೀನ ಹೋಯಿತು. 2009ರಲ್ಲಿ ಸುಪ್ರೀಂ ಕೋರ್ಟು ಒಂದು ಕೋಟಿ ರೂಪಾಯಿ ಪರಿಹಾರ ವಿಧಿಸಿತು. ತನ್ನ ವಿಭಾಗದ ಗಡಿ ತಿಳಿದು ಇನ್ನೊಬ್ಬನನ್ನು ಕರೆಯುವುದೂ ಡಾಕ್ಟರನ ಕರ್ತವ್ಯವೆಂಬುದು ಅದರ ಪಾಠ. ಆದರೆ 19 ವರ್ಷ!

ಸಿವಿಲ್ ದಾವೆಯ ಭಯವೊಂದಾದರೆ ಪೊಲೀಸರ ಭಯ ಇನ್ನೊಂದು. ಲೂಧಿಯಾನದ ಆಸ್ಪತ್ರೆಯೊಂದರಲ್ಲಿ 1995ರಲ್ಲಿ ಉಸಿರು ಕಟ್ಟಿದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರು ಖಾಲಿಯಾಗಿತ್ತು. ರೋಗಿ ಸತ್ತ. ಕ್ರಿಮಿನಲ್ ಮೊಕದ್ದಮೆ ಬಿದ್ದುದು ಡಾಕ್ಟರರ ಮೇಲೆ. ಸಿಲಿಂಡರು ತುಂಬಿಡುವ ವ್ಯವಸ್ಥೆ ಯಾರದು? 2005ರ ಆಗಸ್ಟ್ 5ರಂದು ಸುಪ್ರೀಂ ಕೋರ್ಟು ಆ ಮೊಕದ್ದಮೆಯನ್ನು ತೆಗೆದುಹಾಕಿ, ಘೋರ ಅಲಕ್ಷ್ಯವಿದ್ದ ಹೊರತು ಡಾಕ್ಟರನನ್ನು ಅಪರಾಧಿಯೆಂದು ಎಳೆಯಕೂಡದು, ಪೊಲೀಸರು ಮೊದಲು ಪಕ್ಷಪಾತವಿಲ್ಲದ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿಯೂ ಅಲಕ್ಷ್ಯದಿಂದಾದ ಸಾವಿಗೆ ಇತರರಿಗೆ ಐದು ವರ್ಷದ ವರೆಗೆ ಸಜೆ, ಚಿಕಿತ್ಸೆ ನಡೆಸುವಾಗಿನ ಡಾಕ್ಟರನಿಗೆ ಎರಡು ವರ್ಷದ ವರೆಗೆ.

ಕಾಗದದ ಮೇಲಿನ ಮಾತು ಹೀಗೆ. ಬೀದಿಯಲ್ಲಿ? 2022ರ ಮಾರ್ಚಿಯಲ್ಲಿ ರಾಜಸ್ಥಾನದ ಲಾಲ್‌ಸೋಟಿನಲ್ಲಿ ಹೆರಿಗೆಯ ನಂತರ ರಕ್ತಸ್ರಾವದಿಂದ ಬಾಣಂತಿ ಸತ್ತಳು. ಗುಂಪು ಸೇರಿತು, ಪೊಲೀಸರು ಕೊಲೆಯ ಮೊಕದ್ದಮೆಯನ್ನೇ ದಾಖಲಿಸಿದರು. ಮರುದಿನ ಆ ಹೆರಿಗೆ ಡಾಕ್ಟರು ಪ್ರಾಣ ಕಳೆದುಕೊಂಡರು. ಎರಡು ಮನೆಯ ಮಕ್ಕಳು ತಾಯಿಯಿಲ್ಲದವರಾದರು. ಇದರಿಂದ ಯಾವ ರೋಗಿಗೆ ನ್ಯಾಯ ಸಿಕ್ಕಿತು?

ಭಾರ ಹೇಗೆ ಜಾರುತ್ತದೆ ಎಂಬುದನ್ನು ಈಗ ನೋಡೋಣ. ಡಾಕ್ಟರರು ತಮ್ಮ ರಕ್ಷಣೆಗೆ ವಿಮೆ ಮಾಡಿಸುತ್ತಾರೆ. ಬರಿಯ ಗುಳಿಗೆ ಬರೆಯುವ ಡಾಕ್ಟರಿಗೆ ಕಂತು ಕಡಿಮೆ. ಶಸ್ತ್ರವೈದ್ಯರಿಗೂ ಅರಿವಳಿಕೆ ಕೊಡುವವರಿಗೂ ಹೆಚ್ಚು. ಆ ಕಂತು ಯಾರ ಬಿಲ್ಲಿನಲ್ಲಿ ಸೇರುತ್ತದೆಂದು ಹೇಳಬೇಕಾಗಿಲ್ಲ. ಎರಡನೆಯದು, ಬೇಕಾದ್ದಕ್ಕಿಂತ ಹೆಚ್ಚಿನ ಪರೀಕ್ಷೆ. ನಾಳೆ ಕೋರ್ಟಿನಲ್ಲಿ “ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ?” ಎಂದು ಕೇಳುವರೆಂಬ ಅಂಜಿಕೆಯಿಂದ ಇಂದು ಸ್ಕ್ಯಾನು. ಮೂರನೆಯದು, ಹೆರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರು ಹೆರಿಗೆಗೆ 14.3 ಸಿಸೇರಿಯನ್, ಖಾಸಗಿಯಲ್ಲಿ 47.4. ಇದಕ್ಕೆಲ್ಲ ದಾವೆಯ ಭಯವೇ ಕಾರಣವೆಂದರೆ ಸುಳ್ಳಾಗುತ್ತದೆ. ದುಡ್ಡಿನ ಆಸೆಯೂ ಉಂಟು, ಅನುಕೂಲವೂ ಉಂಟು, ಮುಹೂರ್ತ ನೋಡಿ ಕೇಳುವ ಮನೆಯವರೂ ಉಂಟು. ಆದರೆ ಕಾದು ನೋಡಿ ಕೆಟ್ಟರೆ ದಾವೆ, ಕೊಯ್ದು ತೆಗೆದರೆ ಯಾರೂ ಕೇಳುವುದಿಲ್ಲ ಎಂಬ ಲೆಕ್ಕ ಭಯಕ್ಕೆ ಸೇರಿದ್ದೇ. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು: “ಬೆಂಗಳೂರಿಗೆ ಕರೆದುಕೊಂಡು ಹೋಗಿ” ಎಂಬ ಚೀಟಿ. ಅಪಾಯದ ರೋಗಿಯನ್ನು ಮುಟ್ಟದಿರುವುದೇ ಕ್ಷೇಮವೆಂದು ಸಣ್ಣ ಊರಿನ ಡಾಕ್ಟರು ಕಲಿತರೆ, ನಡುರಾತ್ರಿ ನಿಮ್ಮ ದಂಡಿನ ರಸ್ತೆಗಳಲ್ಲಿ ಕೂಗುತ್ತಾ ಬರುವ ಆಂಬುಲೆನ್ಸಿನಲ್ಲಿ ನಮ್ಮ ಊರಿನವರೇ ಇರುತ್ತಾರೆ.

ತಪ್ಪು ಯಾವಾಗಲೂ ಹಾಸಿಗೆಯ ಪಕ್ಕ ನಿಂತವನದೇ ಎಂದು ತಿಳಿಯಬೇಡಿ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯಾದವರಲ್ಲಿ ಹಲವರಿಗೆ ಸೋಂಕು ತಗುಲಿ ದೃಷ್ಟಿ ಹೋಯಿತು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಔಷಧದ ಮೇಲೆ ಸಂಶಯ ಬಂತು. ಕೋಪ ತಿರುಗಿದ್ದು ಎದುರಿಗೆ ಸಿಕ್ಕಿದ ಡಾಕ್ಟರರ ಮೇಲೆ. ಆ ನವೆಂಬರಿನಲ್ಲಿ ಕಿರಿಯ ವೈದ್ಯರು ಹಲ್ಲೆಯನ್ನು ಖಂಡಿಸಿ ಮುಷ್ಕರಕ್ಕಿಳಿದರು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ಸತ್ತರು; ಐದು ಜೀವ. ಅವರ ರಕ್ತನಾಳಕ್ಕೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಹುಟ್ಟಿ, ಅದನ್ನು ಪೂರೈಸಿದ ಕಂಪೆನಿಯ ಮಾಲನ್ನು ಸರ್ಕಾರ ರಾಜ್ಯದಲ್ಲೆಲ್ಲ ತಡೆಹಿಡಿಯಿತು. ಡಾಕ್ಟರೊಬ್ಬರನ್ನು ಹಿಡಿದು ದಂಡಿಸಿ ಕಡತ ಮುಚ್ಚಿದ್ದರೆ ಬಾಟಲಿಯ ಕಡೆಗೆ ಯಾರು ತಿರುಗಿ ನೋಡುತ್ತಿದ್ದರು?

ಹಾಗಾದರೆ ದಾವೆಯೇ ಬೇಡವೇ? ಬೇಡವೆಂದು ಹೇಳುವವರು ನಾವಲ್ಲ. ದಾವೆಯಿಲ್ಲದಿದ್ದ ಕಾಲದಲ್ಲಿ ರೋಗಿಯ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿಯೇ ಇರಲಿಲ್ಲ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟ ಹೆಂಗಸಿನ ಗರ್ಭಕೋಶವನ್ನು ಆಕೆಯನ್ನು ಕೇಳದೆ ತೆಗೆದುದು ತಪ್ಪೆಂದು ಹೇಳಿತು. ತಾಯಿಯ ಒಪ್ಪಿಗೆ ಸಾಲದು, ಆಕೆಯ ಒಪ್ಪಿಗೆಯೇ ಬೇಕು ಎಂದಿತು. ದಾವೆಯಿಲ್ಲದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ದಾವೆಯಿಂದ ಒಂದು ವಿಭಾಗವೇ ಸುಧಾರಿಸಿದ ದೃಷ್ಟಾಂತವೂ ಉಂಟು. ಅಮೆರಿಕದ ಅರಿವಳಿಕೆ ವೈದ್ಯರ ಮೇಲೆ ಒಂದು ಕಾಲಕ್ಕೆ ದಾವೆಯೂ ಹೆಚ್ಚು, ವಿಮೆಯ ಕಂತೂ ಹೆಚ್ಚು. 1980ರ ದಶಕದ ನಡುವಿನಲ್ಲಿ ಅವರ ಸಂಘ, ಮುಗಿದುಹೋದ ದಾವೆಗಳ ಕಡತಗಳನ್ನು ವಿಮಾ ಕಂಪೆನಿಗಳಿಂದ ತರಿಸಿ ಒಂದೊಂದಾಗಿ ಓದಿತು. ಉಸಿರಾಟ ಕೆಟ್ಟುದು ಕಾಲಕ್ಕೆ ಸರಿಯಾಗಿ ತಿಳಿಯದೆ ಸತ್ತವರೇ ಅಲ್ಲಿ ಬಹಳ. 1986ರಲ್ಲಿ ರೋಗಿಯನ್ನು ಹೇಗೆ ಗಮನಿಸುತ್ತಿರಬೇಕೆಂಬ ಕಟ್ಟಳೆ ಮಾಡಿದರು. ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೂ ಬಂತಲ್ಲ, ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ, ಅದು ಆಪರೇಷನ್ ಕೋಣೆಯ ಕಡ್ಡಾಯವಾಯಿತು. ಸಾವೂ ಇಳಿಯಿತು, ದಾವೆಯೂ ಇಳಿಯಿತು, ಕಂತೂ ಇಳಿಯಿತು. ಕಡತವನ್ನು ಮುಚ್ಚಿಡದೆ ಬಿಚ್ಚಿ ಓದಿದ ಫಲ ಇದು.

ಇನ್ನೊಂದು ದಾರಿಯನ್ನೂ ಲೋಕ ಕಂಡಿದೆ. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತ ಪರಿಹಾರದ ಸಾರ್ವಜನಿಕ ನಿಧಿಯೊಂದುಂಟು. ಚಿಕಿತ್ಸೆಯಿಂದ ಹಾನಿಯಾದವರಿಗೂ ಅದರಿಂದ ಹಣ ಸಿಗುತ್ತದೆ. 2005ರ ತಿದ್ದುಪಡಿಯ ಮೇಲೆ ಡಾಕ್ಟರನ ತಪ್ಪನ್ನು ಸಾಬೀತುಮಾಡುವ ಗೊಡವೆಯೂ ಇಲ್ಲ. ಸ್ವೀಡನ್ನಿನಲ್ಲಿ 1975ರಿಂದ ರೋಗಿಗಳ ವಿಮೆಯಿದೆ. ಅಲ್ಲಿ ಹಾನಿಗೊಂಡವನಿಗೆ ಪರಿಹಾರ ಕೊಡುವುದು ಒಂದು ಕೆಲಸ, ತಪ್ಪುಮಾಡಿದವನನ್ನು ವಿಚಾರಿಸುವುದು ಇನ್ನೊಂದು ಕೆಲಸ. ನಾವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೇವೆ. ಆದುದರಿಂದಲೇ ಹತ್ತಾರು ವರ್ಷ ಗಂಟು ಬಿಚ್ಚುವುದಿಲ್ಲ.

ಹಾಗಾಗಿ ನಾವು ಕೇಳಬೇಕಾದ್ದು ಇಷ್ಟು. ಒಂದು, ಪುಕ್ಕಟೆ ವಾರ್ಡಿನ ರೋಗಿಗೂ ದುಡ್ಡು ಕೊಟ್ಟ ರೋಗಿಯಷ್ಟೇ ಹಕ್ಕು ಬೇಕು. ಸರ್ಕಾರಿ ಆಸ್ಪತ್ರೆಯ ಬೊಕ್ಕಸ ತುಂಬುವವರು ನಾವೇ, ಅದು ಭಿಕ್ಷೆಯಲ್ಲ. ಎರಡು, ಚಿಕಿತ್ಸೆಯಲ್ಲಿ ಹಾನಿಗೊಂಡವರಿಗಾಗಿ ರಾಜ್ಯದಲ್ಲಿ ಒಂದು ಸಾರ್ವಜನಿಕ ನಿಧಿ ಏರ್ಪಡಬೇಕು. ಖಾಸಗಿ ಆಸ್ಪತ್ರೆಗಳೂ ಔಷಧದ ಕಂಪೆನಿಗಳೂ ಅದಕ್ಕೆ ಪಾಲು ಕೊಡಬೇಕು. ಮೂರು, ಮುಗಿದ ಪ್ರತಿ ಪ್ರಕರಣದ ಪಾಠವನ್ನು ಹೆಸರು ತೆಗೆದು ಪ್ರಕಟಿಸಬೇಕು. ನಾಲ್ಕು, ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರೊಬ್ಬರನ್ನೇ ಒಂಟಿಯಾಗಿ ಬಿಡಕೂಡದು. ಜೊತೆಗೆ ಅರಿವಳಿಕೆ ವೈದ್ಯರು, ಮಕ್ಕಳ ವೈದ್ಯರು, ಶೇಖರಿಸಿಟ್ಟ ರಕ್ತ ಇರಬೇಕು. ಪದೇ ಪದೇ ತಪ್ಪುವವನನ್ನೂ ದುರಾಸೆಯಿಂದ ಕೊಯ್ಯುವವನನ್ನೂ ವೈದ್ಯಕೀಯ ಪರಿಷತ್ತು ಮುಲಾಜಿಲ್ಲದೆ ಪಟ್ಟಿಯಿಂದ ತೆಗೆಯಬೇಕು; ಅದರಲ್ಲಿ ಕನಿಕರ ಬೇಡ.

ಅಷ್ಟು ಆಗುವವರೆಗೆ ನೀವೇನು ಮಾಡಬೇಕು? ಅನುಮಾನ ಬಂದರೆ ಕೈ ಎತ್ತಬೇಡಿ. ಕರ್ನಾಟಕದಲ್ಲಿ 2009ರಿಂದ ಅದಕ್ಕೆ ಬೇರೆ ಕಾನೂನೇ ಇದೆ, ನಿಮ್ಮ ನ್ಯಾಯದ ಮಾತು ಅಲ್ಲಿಗೇ ಸತ್ತಿತು. ಬರವಣಿಗೆಯಲ್ಲಿ ಕೇಸ್ ಷೀಟಿನ ನಕಲು ಕೇಳಿ. 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳೇ ಹೇಳುತ್ತವೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಆಸ್ಪತ್ರೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 2019ರ ಹೊಸ ಕಾನೂನಿನಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನಮ್ಮ ಊರಿನವನು ಬೆಂಗಳೂರಿನ ಆಸ್ಪತ್ರೆಯ ಮೇಲೆ ಊರಿನಲ್ಲೇ ಹಾಕಬಹುದು. ಇದನ್ನು ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೂ ತಿಳಿಸಿ.

ಆ ಲೇಡಿ ಡಾಕ್ಟರರನ್ನು ನಾವು ಒಮ್ಮೆ ಕೇಳಿದೆವು: “ಗೆದ್ದಿರಲ್ಲ ತಾಯಿ, ಮತ್ತೆ ಯಾಕೆ ತೆರೆಯಬಾರದು?” ಅವರು ಹೇಳಿದರು: “ನಾನು ಗೆದ್ದೆ, ನಿಜ. ಆ ರಾತ್ರಿ ಊರಲ್ಲಿ ರಕ್ತ ಇರಲಿಲ್ಲ. ಇವತ್ತೂ ಇಲ್ಲ. ಕೋರ್ಟಿನಲ್ಲಿ ಅದನ್ನು ಯಾರೂ ಕೇಳಲಿಲ್ಲ.”

ಬಂಧುಗಳೇ, ಅದನ್ನು ಕೇಳಬೇಕಾದವರು ನಾವು. ಕೇಳೋಣ.